ಅರವತ್ತೆರಡು ಗುಲಾಬಿ ಚೀಟಿಗಳು

ವಿಧಾನಸಭೆ ಚುನಾವಣೆಗೆ ಎರಡು ತಿಂಗಳಿರುವಾಗ ನಮ್ಮ ನಿರ್ದೇಶಕರು ಕರಿಹಲಗೆಯ ಮೇಲೆ ಅಮೆರಿಕದ ಭೂಪಟ ಬರೆದರು. ಹೆಂಚಿನಿಂದ ಎಬ್ಬಿಸುವಾಗ ಹರಿದ ದೋಸೆಯಂತಿತ್ತು ಅದು. ಅವರು ಹಿಂದಿನ ವರ್ಷ ಅಲ್ಲಿದ್ದು, ಅಧ್ಯಕ್ಷರ ಚುನಾವಣೆಯನ್ನು ಕಣ್ಣಾರೆ ನೋಡಿ ಬಂದಿದ್ದರು. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಒಂದು ಮತ ಹೆಚ್ಚು ಪಡೆದವರಿಗೆ ಅಧ್ಯಕ್ಷರನ್ನು ಆರಿಸುವ ಮತಗಳಲ್ಲಿ ಆ ರಾಜ್ಯದ ಪೂರ್ತಿ ಪಾಲು ಹೋಗುತ್ತದೆ. ಹಾಗಾಗಿ ಅಭ್ಯರ್ಥಿಗಳು ಗೆದ್ದೇ ಗೆಲ್ಲುವ ರಾಜ್ಯದಲ್ಲೂ ಸೋತೇ ಸೋಲುವ ರಾಜ್ಯದಲ್ಲೂ ಹೊತ್ತು ಕಳೆಯುವುದಿಲ್ಲ. ಸಲಕ್ಕೊಂದು ಕಡೆ ವಾಲುವ ಕೆಲವೇ ರಾಜ್ಯಗಳಲ್ಲಿ ಬೀಡುಬಿಡುತ್ತಾರೆ. ಆ ರಾಜ್ಯಗಳಿಗೆ ನಿರ್ದೇಶಕರು ಹಳದಿ ಸೀಮೆಸುಣ್ಣ ಬಳಿದರು.

"ನಮ್ಮಲ್ಲೂ ಇಂಥವು ಇವೆ. ಪಶ್ಚಿಮ ಬೆಂಗಳೂರಲ್ಲಿ ಯಾವ ಬಡಾವಣೆ ಹಳದಿ? ಅದನ್ನ ಹುಡುಕೋಣ" ಎಂದರು.

ನಮ್ಮ ಅಧ್ಯಯನ ಕೇಂದ್ರ ಇದ್ದದ್ದು ರಾಜಾಜಿನಗರದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಗಿರಣಿ ಓಡುವಾಗ ನೆಲ ನಡುಗುತ್ತಿತ್ತು, ಬರೆದ ಅಂಕಿಗಳ ಮೇಲೆ ಸಣ್ಣಗೆ ರಾಗಿಹಿಟ್ಟು ಕೂರುತ್ತಿತ್ತು. ನನ್ನ ಕೆಲಸ ಎಣಿಸುವುದು. ಮನೆಮನೆಗೆ ಹೋಗಿ ಕೇಳುವವರು ಬೇರೆ. ಅವರು ತಂದ ನಮೂನೆಗಳನ್ನು ಕಾರ್ಡುಗಳಿಗೆ ಇಳಿಸಿ ಪಟ್ಟಿ ಮಾಡುವವಳು ನಾನು. ಕಾರ್ಡಿನ ನಾಲ್ಕೂ ಅಂಚಿಗೆ ತೂತುಗಳಿರುತ್ತಿದ್ದವು. ಒಂದು ತೂತು ವಯಸ್ಸಿಗೆ, ಒಂದು ವಿದ್ಯೆಗೆ, ಒಂದು ಮಾತೃಭಾಷೆಗೆ, ಒಂದು ಈ ಬಡಾವಣೆಗೆ ಬಂದು ಎಷ್ಟು ವರ್ಷವಾಯಿತೆಂಬುದಕ್ಕೆ. ಐದು ವರ್ಷದೊಳಗೆ ಬಂದವರಾದರೆ ಆ ತೂತನ್ನು ಅಂಚಿನವರೆಗೂ ಕತ್ತರಿಸಬೇಕು. ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಹಿಡಿದು, ಆ ತೂತಿನ ಮೂಲಕ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಎತ್ತಿದರೆ ಕತ್ತರಿಸಿದ ಕಾರ್ಡುಗಳು ಕೆಳಗೆ ಉದುರುತ್ತವೆ. ಉದುರಿದವನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ನನಗೆ ಈ ಕೆಲಸ ಇಷ್ಟವಾಗಿತ್ತು. ಯಾರೊಡನೆಯೂ ಮಾತಾಡಬೇಕಿರಲಿಲ್ಲ.

ರಾಜಾಜಿನಗರದ ಹಳೆಯ ಬ್ಲಾಕುಗಳು, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಂದು ನಾಲ್ಕು ಕಡೆ ಆರಿಸಿಕೊಂಡೆವು. ನಿರ್ದೇಶಕರ ಕಣ್ಣು ವಿಜಯನಗರದ ಮೇಲಿತ್ತು. ಸೈಟು ಸಿಕ್ಕಿ ಮನೆ ಕಟ್ಟಿಕೊಂಡ ಮೇಷ್ಟ್ರುಗಳು, ಬ್ಯಾಂಕ್ ಗುಮಾಸ್ತರು, ದಾವಣಗೆರೆ ಚಿತ್ರದುರ್ಗದ ಕಡೆಯಿಂದ ಬಂದ ವ್ಯಾಪಾರಸ್ಥರು, ಬಾಡಿಗೆಗಿದ್ದ ಕಾರ್ಖಾನೆಯವರು. ಊರಿನಲ್ಲಿದ್ದಾಗ ಯಾರಿಗೆ ಮತ ಹಾಕಬೇಕೆಂದು ಮಠದವರೋ ಮನೆಯ ಹಿರಿಯರೋ ಹೇಳುತ್ತಿದ್ದರು. ಇಲ್ಲಿ ಹೇಳುವವರು ಇನ್ನೂ ಗಟ್ಟಿಯಾಗಿರಲಿಲ್ಲ. ವಾಲುವುದಿದ್ದರೆ ಇವರೇ ವಾಲಬೇಕು ಎಂಬುದು ನಿರ್ದೇಶಕರ ಊಹೆ.

ಕ್ರಮ ಹೀಗಿತ್ತು. ಮತದಾರರ ಪಟ್ಟಿಯಿಂದ ಇಪ್ಪತ್ತನೆಯ ಹೆಸರು, ನಲವತ್ತನೆಯ ಹೆಸರು, ಹೀಗೆ ಆರಿಸಿ, ಅದೇ ಜನರನ್ನು ಎರಡು ಸಲ ಕಾಣಬೇಕು. ಮೊದಲ ಸುತ್ತು ಚುನಾವಣೆಗೆ ಆರು ವಾರ ಮುಂಚೆ, ಎರಡನೆಯದು ಹದಿನೈದು ದಿನ ಮುಂಚೆ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಚಿಹ್ನೆಗಳಿರುವ ಒಂದು ಚೀಟಿ ಮತ್ತು ಪೆನ್ಸಿಲ್ ಕೊಟ್ಟು ಮುಖ ತಿರುಗಿಸಿ ನಿಲ್ಲಬೇಕು. ಅವರು ಗುರುತು ಹಾಕಿ, ಮಡಿಸಿ, ಬೀಗ ಹಾಕಿದ ಬಿಸ್ಕತ್ತಿನ ಡಬ್ಬಿಯ ಸೀಳಿನಲ್ಲಿ ಹಾಕುತ್ತಾರೆ. ಗಂಡಸರಿಗೆ ಬಿಳಿ ಚೀಟಿ, ಹೆಂಗಸರಿಗೆ ಗುಲಾಬಿ. ಚೀಟಿಯ ಮೂಲೆಯಲ್ಲಿ ಬಡಾವಣೆಯ ಮೊದಲ ಅಕ್ಷರ ಮಾತ್ರ, ಹೆಸರಿಲ್ಲ, ಸಂಖ್ಯೆಯಿಲ್ಲ.

ತುರ್ತು ಪರಿಸ್ಥಿತಿ ಮುಗಿದು, ಬಲವಂತದ ಸಂತಾನಹರಣ ಆಪರೇಷನ್‌ಗಳು ನಿಂತು ಹೆಚ್ಚು ದಿನವಾಗಿರಲಿಲ್ಲ. ಕೈಯಲ್ಲಿ ಕಾಗದ ಹಿಡಿದು ಬಾಗಿಲು ತಟ್ಟಿದವರನ್ನು ಯಾರೂ ನಂಬುತ್ತಿರಲಿಲ್ಲ. "ಆಪರೇಷನ್ ಕೇಸಿನೋರಾ?" ಎಂಬುದು ಮೊದಲ ಪ್ರಶ್ನೆ. "ಇವತ್ತು ಓಟು ಕೇಳ್ತೀರಿ, ನಾಳೆ ರೇಷನ್ ಕಾರ್ಡು ಕಿತ್ಕೋತೀರಿ" ಎಂಬುದು ಎರಡನೆಯದು.

ವಿಜಯನಗರವನ್ನು ನೋಡಿಕೊಳ್ಳುತ್ತಿದ್ದವಳು ದಾವಣಗೆರೆಯ ಹುಡುಗಿ. ನನಗಿಂತ ಒಂದು ವರ್ಷ ಚಿಕ್ಕವಳು. ಮಹಾಲಕ್ಷ್ಮಿ ಲೇಔಟಿನ ಸೋದರಮಾವನ ಮನೆಯಲ್ಲಿದ್ದಳು. ಬಂದ ವಾರವೇ ತನ್ನ ಕಥೆಯನ್ನೆಲ್ಲ ಕೇಳದಿದ್ದರೂ ಹೇಳಿದ್ದಳು: "ಕೆಲಸ ಇರೋ ತನಕ ಬೆಂಗಳೂರು ಅಂದಾರ್ರೀ ಅಪ್ಪಾಜಿ. ಕೆಲಸ ಹೋತು ಅಂದ್ರೆ ಮಾರನೇ ದಿನ ಬಸ್ಸು, ಮುಂದಿನ ವಾರ ಗಂಡಿನ ಕಡೆಯೋರು." ಹೇಳಿ ತಾನೇ ನಕ್ಕಳು. ನಾನು ನಗಲಿಲ್ಲ. ಅಷ್ಟು ಬೇಗ ತಮ್ಮನ್ನು ತೆರೆದಿಡುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅನುಮಾನ.

ಅವಳ ಮೇಲೆ ಮೇಲ್ವಿಚಾರಕರು. ಐವತ್ತರ ಹತ್ತಿರದ ವಯಸ್ಸು, ಈ ಭಾಗದ ಪ್ರತಿ ಗಲ್ಲಿಯಲ್ಲೂ ಪರಿಚಯ, ಎಲ್ಲರೊಡನೆ ತಮಾಷೆ. ತುಂಬಿದ ಡಬ್ಬಿಗಳೂ ಖಾಲಿ ಚೀಟಿಗಳ ದಾಸ್ತಾನೂ ಅವರ ಬೀರುವಿನಲ್ಲಿರುತ್ತಿದ್ದವು. ಡಬ್ಬಿಯ ಬೀಗದ ಕೈ ಒಂದು ಅವರ ಹತ್ತಿರ, ಇನ್ನೊಂದು ನಿರ್ದೇಶಕರ ಹತ್ತಿರ.

ಮೊದಲ ಸುತ್ತಿನಲ್ಲಿ ವಿಜಯನಗರದ ಗುಲಾಬಿ ಚೀಟಿಗಳು ನನಗೆ ಬೇಸರ ತರಿಸಿದ್ದವು. ಪಟ್ಟಿಯಲ್ಲಿದ್ದ ಹೆಂಗಸರು ಅರವತ್ತೆರಡು. ಬಂದದ್ದು ಐವತ್ತೇಳು ಚೀಟಿ. ಅದರಲ್ಲೂ ಕೆಲವು ಖಾಲಿ, ಒಂದರಲ್ಲಿ ಎಲ್ಲ ಚಿಹ್ನೆಗಳಿಗೂ ಗುರುತು, ಒಂದರಲ್ಲಿ ರಂಗೋಲಿಯ ಎಳೆ. ಜೊತೆಗೆ ಮಡಿಕೆ. ಬಹುತೇಕ ಎಲ್ಲವನ್ನೂ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿದ್ದರು. ಬಿಡಿಸಿ ನೀವಿ ಹಾಸುವಷ್ಟರಲ್ಲಿ ಬೆರಳು ನೋಯುತ್ತಿತ್ತು. ಹಾಗೇಕೆಂದು ಯೋಚಿಸಿದಾಗ ಹೊಳೆಯಿತು: ಮತಗಟ್ಟೆಯಲ್ಲಿ ಹಾಗೆ ಮಡಿಸಲು ಹೇಳಿಕೊಡುತ್ತಾರೆ. ಮುದ್ರೆಯ ಒದ್ದೆ ಶಾಯಿ ಅಂಟಿದರೆ ಅದೇ ಸಾಲಿನ ಹೆಸರಿಗೆ ಅಂಟಲಿ, ಮೇಲಿನ ಕೆಳಗಿನ ಚಿಹ್ನೆಗೆ ಅಂಟಿ ಮತ ಕೆಡದಿರಲಿ ಎಂದು. ನಮ್ಮ ಚೀಟಿಗೆ ಶಾಯಿಯಿಲ್ಲ, ಬರೀ ಪೆನ್ಸಿಲ್. ಆದರೂ ಒಮ್ಮೆ ಮತ ಹಾಕಿ ಬಂದ ಕೈ ಹಾಗೇ ಮಡಿಸುತ್ತದೆ.

ಎರಡನೆಯ ಸುತ್ತಿನ ಡಬ್ಬಿ ಶನಿವಾರ ಸಂಜೆ ಬಂತು. ನಾನಾಗಲೇ ಬಸ್ಸಿಗೆ ಹೊರಟಿದ್ದೆ. ಸೋಮವಾರ ಬೆಳಿಗ್ಗೆ ಮೇಲ್ವಿಚಾರಕರು ಬೀರು ತೆರೆದು, ಬೀಗ ತೆಗೆದು ನನ್ನ ಮೇಜಿನ ಮೇಲೆ ಸುರಿದರು. "ತಗೋಮ್ಮ, ನಿನ್ನ ತುಳಸಿ ಪೂಜೆ ಶುರು ಮಾಡು."

ಹನ್ನೊಂದು ಗಂಟೆಗೆ ಎಣಿಕೆ ಮುಗಿಯಿತು. ಹತ್ತರಲ್ಲಿ ಎಂಟು ಗುಲಾಬಿ ಚೀಟಿಗಳು ಒಂದೇ ಚಿಹ್ನೆಗೆ. ಪಕ್ಷಗಳ ಹೆಸರು ಇಲ್ಲಿ ಬೇಡ. ಮೊದಲ ಸುತ್ತಿನಲ್ಲಿ ಆ ಚಿಹ್ನೆ ಮೂರನೆಯ ಸ್ಥಾನದಲ್ಲಿತ್ತು.

ನಿರ್ದೇಶಕರು ಕುರ್ಚಿಯಿಂದ ಎದ್ದುಬಿಟ್ಟರು. "ಹಳದಿ! ನೋಡಿ, ನಾನು ಹೇಳಿರ್ಲಿಲ್ವಾ? ಅದೂ ಹೆಂಗಸರು!" ಗುರುವಾರದ ಪತ್ರಿಕೆಗೆ ಲೇಖನ ಕೊಡುವುದಾಗಿ ಅಲ್ಲಿಂದಲೇ ಫೋನ್ ಮಾಡಿದರು. ಮತದಾನಕ್ಕೆ ಹನ್ನೆರಡು ದಿನವಿತ್ತು.

"ಸಾರ್, ಬಾಯಲ್ಲಿ ಕೇಳಿದಾಗ ಮನಸ್ಸು ಬದಲಾಗಿಲ್ಲ ಅಂತಲೇ ಹೆಚ್ಚಿನವರು ಹೇಳಿದ್ದಾರೆ. ನಮೂನೆಯಲ್ಲಿದೆ" ಎಂದೆ.

"ಬಾಯಿ ಸುಳ್ಳು ಹೇಳುತ್ತಮ್ಮ, ಚೀಟಿ ಹೇಳಲ್ಲ. ಅದಕ್ಕೇ ಚೀಟಿ ಇಟ್ಟಿರೋದು."

ಮೇಜಿಗೆ ಮರಳಿ ಚೀಟಿಗಳನ್ನು ಮತ್ತೆ ನೋಡಿದೆ. ಆ ಬೆಳಿಗ್ಗೆ ಕೆಲಸ ಬೇಗ ಮುಗಿದದ್ದು ಏಕೆಂದು ಆಗ ತಿಳಿಯಿತು. ಒಂದೂ ಖಾಲಿಯಿಲ್ಲ, ಒಂದೂ ಕೆಟ್ಟಿಲ್ಲ, ಒಂದರಲ್ಲೂ ಅರಿಶಿನದ ಕಲೆಯಿಲ್ಲ. ಎಲ್ಲವೂ ಅಡ್ಡಕ್ಕೆ ಅರ್ಧ, ಮತ್ತೆ ಅರ್ಧ, ರಜೆ ಅರ್ಜಿ ಮಡಿಸಿದ ಹಾಗೆ. ಚೀಟಿಗಳು ಅರವತ್ತೆರಡು. ನಮೂನೆಗಳನ್ನು ಎಣಿಸಿದೆ: ಮೂರು ಮನೆಗೆ ಬೀಗ ಎಂದು ಬರೆದಿತ್ತು. ಉತ್ತರ ಕೊಟ್ಟ ಹೆಂಗಸರು ಐವತ್ತೊಂಬತ್ತು. ಮೂರು ಚೀಟಿ ಹೆಚ್ಚು.

ಹುಡುಗಿ ಮನೆಯಲ್ಲಿ ಕುಳಿತು ಗೀಚಿದ್ದಾಳೆ ಎಂದು ತೀರ್ಮಾನಿಸಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಉಳಿದವರು ಎಂಟು ದಿನ ತೆಗೆದುಕೊಂಡ ಕೆಲಸವನ್ನು ಅವಳು ಐದು ದಿನಕ್ಕೆ ಮುಗಿಸಿದ್ದಳು. ಮಧ್ಯಾಹ್ನದವರೆಗೂ ಕಚೇರಿಯಲ್ಲೇ ಹರಟುತ್ತ ಕೂತು, ಎರಡರ ಮೇಲೆ ಹೊರಡುತ್ತಿದ್ದಳು. ಅವಳ ಚಪ್ಪಲಿ ಧೂಳಾಗಿದ್ದುದನ್ನು ನಾನು ನೋಡಿರಲಿಲ್ಲ. ಇದೆಲ್ಲ ನನ್ನ ತಲೆಯಲ್ಲಿ ಅಚ್ಚುಕಟ್ಟಾಗಿ ಕೂಡಿಕೊಂಡಿತು.

ಅವಳ ಮೇಜು ನನ್ನದಕ್ಕೆ ಎದುರಿಗೇ ಇತ್ತು. ನಾನು ಅವಳನ್ನು ಕೇಳಲಿಲ್ಲ. ಅರ್ಧ ಹಾಳೆಯಲ್ಲಿ ಬರೆದೆ: "ವಿಜಯನಗರದ ಎರಡನೇ ಸುತ್ತಿನ ಗುಲಾಬಿ ಚೀಟಿಗಳನ್ನು ಮತದಾರರೇ ತುಂಬಿದ್ದಾರೆಂದು ತೋರುವುದಿಲ್ಲ." ಮಡಿಕೆ, ಹೆಚ್ಚಿನ ಮೂರು ಚೀಟಿ, ಅವಳು ಐದೇ ದಿನದಲ್ಲಿ ಮುಗಿಸಿದ್ದು ಎಂದು ಕಾರಣಗಳನ್ನು ಕೆಳಗೆ ಕೊಟ್ಟೆ. ನಿರ್ದೇಶಕರಿಗೆ, ಮೇಲ್ವಿಚಾರಕರ ಮೂಲಕ. ನಮ್ಮಲ್ಲಿ ಯಾವ ಕಾಗದವೂ ಮೇಲಿನವರ ಮೂಲಕವೇ ಹೋಗಬೇಕು. ನಿರ್ದೇಶಕರ ಕೋಣೆಯ ಬಾಗಿಲು ತೆರೆದೇ ಇತ್ತು. ಆದರೂ 'ಮೂಲಕ' ಎಂದು ಬರೆದು ಮೇಲ್ವಿಚಾರಕರ ಕೈಗೆ ಕೊಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನಮ್ಮಾ, ನೀನು ಓದಿದ್ದು ಸ್ಟಾಟಿಸ್ಟಿಕ್ಸೋ ಸಿಐಡಿನೋ?"

"ಲೆಕ್ಕ ಹೊಂದಲಿಲ್ಲ, ಅದಕ್ಕೆ."

"ಆಯ್ತು ಬಿಡು. ಒಳ್ಳೆ ಕೆಲಸ ಮಾಡ್ದೆ. ನಾನು ನೋಡ್ಕೋತೀನಿ. ನೀನು ಯಾರ ಹತ್ರನೂ ಬಾಯಿ ಬಿಡ್ಬೇಡ, ಪಾಪ ಹುಡುಗಿ ಮರ್ಯಾದೆ ಪ್ರಶ್ನೆ."

ಮಂಗಳವಾರ ಬೆಳಿಗ್ಗೆ ಹುಡುಗಿಯ ಮೇಜಿನ ಮೇಲೆ ಒಂದು ಲಕೋಟೆಯಿತ್ತು. ಅವಳು ಅದನ್ನು ನಿಂತೇ ಓದಿದಳು. ಆ ದಿನದಿಂದಲೇ ಬರುವುದು ಬೇಡ ಎಂದಿತ್ತು. ಅವಳು ಮೇಲ್ವಿಚಾರಕರ ಹತ್ತಿರ ಹೋದಳು.

"ಯಾಕ್ರೀ ಸಾರ್? ಏನು ಮಾಡೀನಿ ನಾನು?"

"ನನ್ನ ಕೇಳ್ಬೇಡಮ್ಮ. ಲೆಕ್ಕದೋರು ಬರ್ದಿದಾರೆ" ಎಂದು ಗದ್ದದಿಂದ ನನ್ನ ಕಡೆ ತೋರಿಸಿದರು. ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ನನಗೆ ಹೇಳಿದವರು ಅವರೇ.

ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ನಾನು ಆಗ ಗುರುವಾರದ ಲೇಖನಕ್ಕೆ ಬೇಕಾದ ಪಟ್ಟಿಯನ್ನು ಬರೆಯುತ್ತಿದ್ದೆ. ಟೈಪಿಸ್ಟಿಗೆ ಹನ್ನೆರಡರೊಳಗೆ ಕೊಡಬೇಕೆಂದು ನಿರ್ದೇಶಕರು ಹೇಳಿದ್ದರು. ಹಾಳೆಯ ತಲೆಬರಹ: 'ವಿಜಯನಗರ, ಮಹಿಳೆಯರು, ಎರಡನೇ ಸುತ್ತು.' ಕೆಳಗೆ ಬಲಕ್ಕೆ 'ಎಣಿಸಿದವರು', ಅಲ್ಲಿ ನನ್ನ ರುಜು ಬೀಳಬೇಕು.

ನನ್ನ ಕೈ ನಿಂತಿತು. ಅವಳ ಕಣ್ಣೀರಿನಿಂದಲ್ಲ, ಅವಳು ಅಳುತ್ತಿರಲಿಲ್ಲ. ಚೀಟಿಗಳು ಸುಳ್ಳೆಂದು ಹುಡುಗಿಯನ್ನು ಕಳಿಸುತ್ತಿದ್ದಾರೆ. ಹಾಗಾದರೆ ಆ ಸುಳ್ಳಿನ ಪಟ್ಟಿ ಇನ್ನೂ ನನ್ನ ಮೇಜಿನ ಮೇಲೆ ಏಕಿದೆ? ಅದೇಕೆ ಪತ್ರಿಕೆಗೆ ಹೋಗುತ್ತಿದೆ?

"ನಾನು ಮನಿಮನಿಗೆ ಹೋಗೀನ್ರಿ" ಎಂದಳು ಅವಳು, ದನಿ ಎತ್ತದೆ. "ಬೇಕಾದ್ರೆ ಬರ್ರಿ. ಯಾವ ಮನಿ ಹೇಳ್ತೀರಿ ಆ ಮನಿಗೆ ಹೋಗೋಣ. ಆಮೇಲೆ ನೀವೇ ನನ್ನ ಬಸ್ ಹತ್ತಿಸ್ರಿ."

ಪಟ್ಟಿಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ತಲೆನೋವೆಂದು ಅರ್ಧ ದಿನದ ರಜೆ ಬರೆದಿಟ್ಟೆ. ನೌಕರಿಯಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ವಿಜಯನಗರದಲ್ಲಿ ಬಸ್ಸಿಳಿದಾಗ ಎರಡೂವರೆ. ಅವಳು ಒಂದು ಮರದ ಕೆಳಗೆ ನಿಂತುಬಿಟ್ಟಳು. "ಈಗ ಬ್ಯಾಡ್ರಿ. ಮೂರಕ್ಕೆ ಹೋಗೋಣ."

"ಏಕೆ?"

"ಮೂರಕ್ಕೆ ನೀರು ಬರ್ತೈತಿ. ಅಲ್ಲೀತನಕ ಬಾಗಿಲು ತಟ್ಟಿದ್ರೆ ಮಲಗಿರ್ತಾರ, ಇಲ್ಲಾ ಬೈತಾರ. ನೀರು ಬಂದ್ರೆ ಡ್ರಮ್ ತುಂಬೋ ತನಕ ಎಲ್ಲೂ ಹೋಗಂಗಿಲ್ಲ, ಬಾಗಲಾಗೇ ನಿಂತಿರ್ತಾರ. ಆಗ ಕೇಳಿದ್ರೆ ಎಲ್ಲಾ ಹೇಳ್ತಾರ."

ಅವಳು ಐದು ದಿನದಲ್ಲಿ ಹೇಗೆ ಮುಗಿಸಿದಳೆಂಬುದು, ಮಧ್ಯಾಹ್ನದವರೆಗೆ ಏಕೆ ಹರಟುತ್ತಿದ್ದಳೆಂಬುದು ಆ ಮಾತಿನಲ್ಲೇ ಇತ್ತು. ಇನ್ನೂ ನಂಬಿರಲಿಲ್ಲ. ಹತ್ತು ಮನೆಗಳನ್ನು ನಾನೇ ಆರಿಸಿದೆ, ಅವಳು ಮೊದಲೇ ಹೇಳಿಕೊಡದಿರಲೆಂದು ಪ್ರತಿ ಮನೆಗೂ ನಾನು ಮುಂದೆ ನಡೆದೆ.

ಮೊದಲ ಮನೆಯಾಕೆ ಬಾಗಿಲು ಅರ್ಧ ತೆರೆದು ನನ್ನನ್ನು ನೋಡಿ, "ಯಾರ್ರೀ ನೀವು? ಏನು ಮಾರ್ತೀರಾ?" ಎಂದರು. ನನ್ನ ಹಿಂದೆ ಅವಳನ್ನು ಕಂಡದ್ದೇ ಮುಖ ಸಡಿಲವಾಯಿತು. "ಓ, ನೀನಾ? ಮತ್ತೆ ಬಂದ್ಯಾ? ಎಷ್ಟು ಸಲ ಓಟು ಹಾಕಿಸ್ತೀಯೇ ತಾಯಿ, ನಿಜವಾದ ಓಟಿಗೆ ಕೈಯಲ್ಲಿ ಶಕ್ತೀನೇ ಇರಲ್ಲ."

ಎರಡನೆಯ ಮನೆ, ಮೂರನೆಯ ಮನೆ, ಎಲ್ಲ ಕಡೆಯೂ ಅವಳು ಗೊತ್ತು. ಎರಡು ಸಲ ಬಂದದ್ದು ಗೊತ್ತು. ಡಬ್ಬಿಯಲ್ಲಿ ಚೀಟಿ ಹಾಕಿದ್ದೂ ನೆನಪು. ಹೋಗಿದ್ದು ನಿಜವಿರಬಹುದು, ಆದರೆ ಆಮೇಲೆ ಅವಳೇ ಚೀಟಿ ಬದಲಿಸಿರಬಹುದು ಎಂದು ನನ್ನ ಅನುಮಾನ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತೇ ಹೊರತು ಹೋಗಲಿಲ್ಲ.

ಆರನೆಯ ಮನೆಯಲ್ಲಿ ಒಬ್ಬ ಮೇಷ್ಟ್ರ ಹೆಂಡತಿ ಕೊಳವೆ ಹಿಡಿದು ತೊಟ್ಟಿ ತುಂಬುತ್ತಿದ್ದರು. ಎರಡನೆಯ ಸಲ ಚೀಟಿ ಹಾಕಿದಿರಾ ಎಂದು ಕೇಳಿದೆ.

"ಹಾಕದೆ ಏನು? ಇವಳ ಪೆನ್ಸಿಲ್ ಮೊನೆ ಮುರೀತು. ಇವಳು ಬ್ಯಾಗಲ್ಲಿ ಬ್ಲೇಡು ಹುಡುಕ್ತಾ ಕೂತ್ಳು. ಒಲೆ ಮೇಲೆ ಹಾಲಿತ್ತು ಕಣ್ರೀ ನಂಗೆ. ಕುಂಕುಮದ ಭರಣಿಗೆ ಬೆರಳದ್ದಿ ಬೊಟ್ಟು ಇಟ್ಟು ಹಾಕ್ದೆ. ಅದಕ್ಕೆ..."

"ಯಾವ ಚಿಹ್ನೆಗೆ ಅಂತ ಹೇಳಬೇಡಿ" ಎಂದೆ.

"ಹೇಳೋಕೆ ನಾನೇನು ದಡ್ಡೀನಾ? ನಮ್ಮ ಮನೆಯೋರಿಗೇ ಹೇಳಿಲ್ಲ." ಆಮೇಲೆ ಸ್ವಲ್ಪ ಹೆದರಿ, "ಯಾಕೆ, ಕುಂಕುಮ ಹಾಕಿದ್ರೆ ಓಟು ಕೆಟ್ಟೋಗುತ್ತಾ?" ಎಂದರು.

ಅರವತ್ತೆರಡು ಚೀಟಿಗಳನ್ನೂ ನಾನು ಒಂದೊಂದಾಗಿ ಬಿಡಿಸಿದ್ದೆ. ಕುಂಕುಮದ ಬೊಟ್ಟು ಯಾವುದರಲ್ಲೂ ಇರಲಿಲ್ಲ.

ಹತ್ತು ಮನೆ ಮುಗಿಸಿ ಬಸ್ ಸ್ಟಾಪಿಗೆ ನಡೆಯುವಾಗ ನಾನು ಕೇಳಿದೆ: "ಬೀಗ ಹಾಕಿದ್ದ ಮೂರು ಮನೆಯ ಚೀಟಿ ಏನು ಮಾಡಿದಿರಿ?"

"ನಮೂನಿಗೆ ಗುಂಡುಸೂಜಿ ಹಾಕಿ ಕೊಟ್ಟೀನಲ್ರಿ. ನೀವೇ ಹಂಗ ಮಾಡಬೇಕು ಅಂತ ಹೇಳಿದ್ರಿ."

ಹೌದು, ಹೇಳಿದ್ದೆ. ಆ ಮೂರು ಗುಲಾಬಿ ಚೀಟಿಗಳನ್ನು ಸೋಮವಾರ ನಮೂನೆಗಳ ಜೊತೆ ನೋಡಿಯೂ ಇದ್ದೆ. ಅವಳಿಗೆ ಕೊಟ್ಟದ್ದು ಅರವತ್ತೆರಡು. ಮೂರು ಮರಳಿ ಬಂದಿವೆ. ಅವಳು ಏನೇ ಮಾಡಿದ್ದರೂ ಡಬ್ಬಿಯಲ್ಲಿ ಐವತ್ತೊಂಬತ್ತಕ್ಕಿಂತ ಹೆಚ್ಚು ಇರಲು ಸಾಧ್ಯವೇ ಇರಲಿಲ್ಲ. ಹೆಚ್ಚಿನ ಮೂರನ್ನು ನಾನು ಅವಳ ವಿರುದ್ಧ ಬರೆದಿದ್ದೆ. ಅವು ಅವಳ ಪರವಾಗಿದ್ದವು.

ಅದನ್ನು ಅಲ್ಲಿಯೇ ಅವಳಿಗೆ ಹೇಳಿದೆ. ಬಸ್ಸು ಕಾಣಿಸಿದಾಗ ಅಂದಳು: "ನಿಮ್ಮ ಮೇಜಿಗೂ ನನ್ನ ಮೇಜಿಗೂ ಮೂರು ಹೆಜ್ಜಿ ಅದಾವ್ರಿ. ಒಂದ್ ಮಾತು ಕೇಳಿದ್ರೆ ಆಗತಿತ್ತು. ಬರೆಯೋಕೆ ಕಾಗದ ಹುಡುಕಿದ್ರಲ್ಲ."

ಬುಧವಾರ ನಾನು ಒಂದು ಗಂಟೆ ಮೊದಲೇ ಕಚೇರಿಗೆ ಹೋದೆ. ಮೇಲ್ವಿಚಾರಕರು ಬಂದು ಬೀರು ತೆರೆದಾಗ, ಮುದ್ರಣಾಲಯಕ್ಕೆ ಲೆಕ್ಕ ಕಳಿಸಬೇಕು, ಉಳಿದ ಖಾಲಿ ಚೀಟಿ ಎಣಿಸುತ್ತೇನೆ ಎಂದೆ. ಅವರ ಕೈ ಬೀರುವಿನ ಬಾಗಿಲ ಮೇಲೇ ಇತ್ತು.

"ಅದನ್ನ ನಾನೇ ಎಣಿಸಿ ಹೇಳ್ತೀನಲ್ಲ. ನಿಂಗ್ಯಾಕೆ ತೊಂದ್ರೆ."

"ನನ್ನ ಕೆಲಸವೇ ಅದು."

ಅವರು ಕೊಡದೆ ಇರುವ ಹಾಗಿರಲಿಲ್ಲ, ಟೈಪಿಸ್ಟ್ ನೋಡುತ್ತಿದ್ದರು. ವಿಜಯನಗರದ ಗುಲಾಬಿ ಚೀಟಿ ಮುದ್ರಿಸಿದ್ದು ಇನ್ನೂರೈವತ್ತು. ಎರಡು ಸುತ್ತಿಗೆ ಕೊಟ್ಟದ್ದು ನೂರ ಇಪ್ಪತ್ತನಾಲ್ಕು. ಬೀರುವಿನಲ್ಲಿ ನೂರ ಇಪ್ಪತ್ತಾರು ಇರಬೇಕು. ಇದ್ದದ್ದು ಅರವತ್ತನಾಲ್ಕು. ಕಡಿಮೆಯಾದದ್ದು ಅರವತ್ತೆರಡು. ತೆಗೆದವರು ಯಾರಿಗೆ ಎಷ್ಟು ಚೀಟಿ ಕೊಟ್ಟೆವೆಂದು ಬರೆದಿಡುವ ವಿತರಣೆಯ ಪುಸ್ತಕ ನೋಡಿ ತೆಗೆದಿದ್ದರು, ನಮೂನೆಗಳನ್ನು ನೋಡಿರಲಿಲ್ಲ. ಮೂರು ಮನೆಗೆ ಬೀಗವಿತ್ತೆಂದು ಅವರಿಗೆ ತಿಳಿದಿರಲಿಲ್ಲ.

ಚೀಟಿ, ನಮೂನೆಗಳ ಕಟ್ಟನ್ನು ಎತ್ತಿಕೊಂಡು, ಯಾರ 'ಮೂಲಕ'ವೂ ಅಲ್ಲದೆ, ನೇರ ನಿರ್ದೇಶಕರ ಕೋಣೆಗೆ ಹೋದೆ. ಮಡಿಕೆಗಳನ್ನು ತೋರಿಸಿದೆ, ಗುಂಡುಸೂಜಿಯ ಮೂರು ಚೀಟಿ ತೋರಿಸಿದೆ, ಕುಂಕುಮದ ವಿಷಯವನ್ನೂ ಬೀರುವಿನಲ್ಲಿ ಕಡಿಮೆಯಾದ ಅರವತ್ತೆರಡನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಳ್ಳುತ್ತ ಬಂತು. ಅದು ಗಾಬರಿಯೋ ಅಥವಾ ಸಿಕ್ಕಿಬಿದ್ದವರ ಮುಖವೋ ಎಂದು ನಾನು ನೋಡುತ್ತಲೇ ಇದ್ದೆ. ಎರಡನೆಯ ಬೀಗದ ಕೈ ಅವರ ಹತ್ತಿರವಿತ್ತೆಂಬುದನ್ನು ನಾನು ಮರೆತಿರಲಿಲ್ಲ.

"ಸೋಮವಾರವೇ ಬರೆದುಕೊಟ್ಟಿದ್ದೆನಲ್ಲ ಸಾರ್."

"ಏನು ಬರ್ಕೊಟ್ರಿ? ನನಗೇನೂ ಬಂದಿಲ್ಲ. ಆ ಹುಡುಗಿ ಫೀಲ್ಡಲ್ಲಿ ಒರಟಾಗಿ ಮಾತಾಡ್ತಾಳೆ, ದೂರು ಬಂದಿದೆ ಅಂತ ಮೇಲ್ವಿಚಾರಕರು ಹೇಳಿದ್ರು, ಅದಕ್ಕೇ ಬೇಡ ಅಂದೆ."

ಮೇಲ್ವಿಚಾರಕರನ್ನು ಕರೆಸಿ ಕೇಳಿದರು. ಅವರು ನಗುತ್ತಲೇ ಬಂದರು. "ಆ ಅರ್ಧ ಹಾಳೇನಾ? ಎಲ್ಲೋ ಫೈಲಲ್ಲಿ ಇರ್ಬೇಕು ಸಾರ್. ಈ ಮಕ್ಕಳ ಜಗಳ ನಿಮ್ಮ ತನಕ ಯಾಕೆ ಅಂತ. ನೋಡಿ ಸಾರ್, ಇವತ್ತು ಟೈಪ್ ಆಗ್ಲಿಲ್ಲ ಅಂದ್ರೆ ನಾಳೆ ಪೇಪರಲ್ಲಿ ಬರಲ್ಲ. ಆಮೇಲೆ ಬಂದು ಏನು ಪ್ರಯೋಜನ?"

ಯಾರಿಗೆ ಪ್ರಯೋಜನ ಎಂದು ನಾನು ಕೇಳಲಿಲ್ಲ. "ಈ ಪಟ್ಟಿಗೆ ನಾನು ರುಜು ಹಾಕುವುದಿಲ್ಲ" ಎಂದೆ. "ಎರಡು ದಿನ ಕೊಡಿ. ಅವಳೂ ನಾನೂ ಹೋಗಿ ಆ ಹೆಂಗಸರನ್ನೇ ಮತ್ತೊಮ್ಮೆ ಕೇಳುತ್ತೇವೆ. ಡಬ್ಬಿ ಬೀರುವಿಗೆ ಹೋಗಬಾರದು. ಎರಡೂ ಬೀಗದ ಕೈ ನನಗೆ ಬೇಕು."

"ಕೇಳಿದ್ರಾ ಸಾರ್, ಎರಡೂ ಬೀಗದ ಕೈ ಅಂತೆ! ನಿಮ್ಮ ಮೇಲೂ ನಂಬಿಕೆ ಇಲ್ಲ ಇವರಿಗೆ" ಎಂದರು ಮೇಲ್ವಿಚಾರಕರು.

ನಿರ್ದೇಶಕರು ನನ್ನ ಕಡೆ ನೋಡಿದರು. ಹಾಗೇನಿಲ್ಲ ಸಾರ್ ಎನ್ನುವುದು ಸಭ್ಯತೆಯಾಗುತ್ತಿತ್ತು. ನಾನು ಸುಮ್ಮನಿದ್ದೆ. ಅವರು ಮೇಜಿನ ಖಾನೆ ಎಳೆದು ತಮ್ಮ ಬೀಗದ ಕೈಯನ್ನು ನನ್ನ ಮುಂದೆ ಇಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಬಂತು.

ಮೂರನೆಯ ಸಲ ಬಾಗಿಲು ತಟ್ಟುವುದು ಸುಲಭವಾಗಿರಲಿಲ್ಲ. "ನಿಮಗೆ ಬೇರೆ ಕೆಲಸ ಇಲ್ವಾ?" ಎಂದವರುಂಟು. ಒಬ್ಬರು, "ಮೊದಲ ಎರಡು ಸಲ ಹಾಕಿದ್ದು ನಿಮಗೆ ಬೇಕಾದವರಿಗೆ ಬೀಳ್ಲಿಲ್ವೇನೋ" ಎಂದು ಬಾಗಿಲು ಹಾಕಿಕೊಂಡರು. ಅವರ ಅನುಮಾನ ಗುರಿಯ ಹತ್ತಿರವೇ ಇತ್ತು. ಹುಡುಗಿ ಕೇಳುತ್ತಿದ್ದಳು, ನಾನು ಡಬ್ಬಿ ಹಿಡಿದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಗುರುವಾರ, ಶುಕ್ರವಾರ ಎರಡೂ ದಿನ ಡಬ್ಬಿ ನನ್ನ ಜೊತೆ ಬಸ್ಸಿನಲ್ಲಿ ಬಂತು, ನನ್ನ ಹಾಸಿಗೆಯ ಪಕ್ಕದಲ್ಲಿತ್ತು. ಅದರಲ್ಲೇನಿದೆ ಎಂದು ಅಮ್ಮ ಕೇಳಿದರು. ಕಚೇರಿಯ ಕಾಗದ ಎಂದೆ.

ಶನಿವಾರ ಬೆಳಿಗ್ಗೆ ನಿರ್ದೇಶಕರ ಮೇಜಿನ ಮೇಲೆ ಎಲ್ಲರೆದುರು ತೆರೆದೆವು. ಐವತ್ತೊಂದು ಚೀಟಿ. ಕೆಲವು ಖಾಲಿ. ಒಂದಕ್ಕೆ ಎಣ್ಣೆ ಅಂಟಿತ್ತು. ಐದಾರನ್ನು ಬಿಟ್ಟರೆ ಎಲ್ಲವೂ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಎಣಿಸಿದಾಗ ಮೊದಲ ಸುತ್ತಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆ ಚಿಹ್ನೆ ಮತ್ತೆ ಮೂರನೆಯ ಸ್ಥಾನದಲ್ಲೇ ಇತ್ತು.

"ಏನೂ ಓಲಾಡ್ತಿಲ್ಲವಲ್ಲ" ಎಂದರು ನಿರ್ದೇಶಕರು. ಅವರ ದನಿಯಲ್ಲಿದ್ದದ್ದು ನಿರಾಶೆ. ಚೀಟಿ ಬದಲಿಸಿದವರು ಯಾರೆಂದು ಅವರು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಲೇಖನ ಹೋಗಲಿಲ್ಲ. ವರದಿಯಲ್ಲಿ ವಿಜಯನಗರದ ಮಹಿಳೆಯರ ಎರಡನೇ ಸುತ್ತಿನ ಅಂಕಣದಲ್ಲಿ 'ಮಾಹಿತಿ ಅಪೂರ್ಣ' ಎಂದು ಬರೆಸಿದರು. ಮೇಲ್ವಿಚಾರಕರು ಮತದಾನದ ದಿನದವರೆಗೆ ರಜೆ ಹಾಕಿದರು, ರಜೆ ಮುಗಿದ ಮೇಲೆ ಬರಲಿಲ್ಲ. ಅವರು ಆ ಚಿಹ್ನೆಯ ಬಾವುಟ ಕಟ್ಟಿದ ಜೀಪಿನಲ್ಲಿ ಕೂತಿದ್ದನ್ನು ಕಂಡೆನೆಂದು ಟೈಪಿಸ್ಟ್ ಹೇಳಿದರು. ನಾನು ಕಾಣಲಿಲ್ಲ. ಬೀರು ತೆರೆದು ಚೀಟಿ ಬದಲಿಸಿದ್ದನ್ನೂ ಕಂಡಿಲ್ಲ. ಕಂಡದ್ದು ಅರವತ್ತೆರಡು ಚೀಟಿಗಳ ಕೊರತೆ, ಅಷ್ಟೆ.

ಹುಡುಗಿಗೆ ಕೊಟ್ಟ ಲಕೋಟೆಯನ್ನು ಹಿಂದಕ್ಕೆ ಪಡೆದರು. ನನ್ನ ಅರ್ಧ ಹಾಳೆ ಸಿಗಲೇ ಇಲ್ಲ. ಅದಕ್ಕಾಗಿ ನಾನು ಇನ್ನೊಂದು ಹಾಳೆಯಲ್ಲಿ, ಅವಳ ಮೇಲೆ ನಾನು ಹೊರಿಸಿದ ಅನುಮಾನ ತಪ್ಪೆಂದೂ ಲೆಕ್ಕವನ್ನು ತಪ್ಪಾಗಿ ಓದಿದವಳು ನಾನೆಂದೂ ಬರೆದು ಫೈಲಿಗೆ ಹಾಕಿಸಿದೆ. ಅದರ ಒಂದು ಪ್ರತಿಯನ್ನು ಅವಳಿಗೆ ಕೊಡಲು ಮೂರು ಹೆಜ್ಜೆ ನಡೆದು ಹೋದೆ. ಅವಳು ಓದಿ, "ಚಲೋ ಬರದೀರಿ" ಎಂದಳು.

ಸೋಮವಾರ ಅವಳು ಕೆಂಗೇರಿಯಲ್ಲಿ ಇನ್ನೂ ಉಳಿದಿದ್ದ ಮನೆಗಳ ನಮೂನೆಗಳ ಕಟ್ಟು ತಂದಳು. ಅಲ್ಲಿಡಿ, ಆಮೇಲೆ ನೋಡುತ್ತೇನೆ ಎಂದೆ.

"ಇಲ್ರಿ. ನನ್ನ ಮುಂದೆ ಎಣಿಸ್ರಿ."

ಎಣಿಸಿದೆ. ಹದಿನೇಳು.

"ಹದಿನೇಳು ಬಂದಾವು ಅಂತ ಒಂದು ಚೀಟಿ ಬರದು ರುಜು ಹಾಕಿ ಕೊಡ್ರಿ."

ಬರೆದುಕೊಟ್ಟೆ. ಅವಳು ನನ್ನ ರುಜುವನ್ನು ನೋಡಿ, ಪರ್ಸಿನಲ್ಲಿಟ್ಟುಕೊಂಡು, ಟೈಪಿಸ್ಟ್ ಹತ್ತಿರ ಹೋಗಿ ಯಾವುದೋ ಮಾತಿಗೆ ಜೋರಾಗಿ ನಕ್ಕಳು. ನಾನು ಆ ಕೇಂದ್ರದಲ್ಲಿ ಇನ್ನೂ ಹತ್ತು ತಿಂಗಳಿದ್ದೆ. ಪ್ರತಿ ಸಂಜೆ ಅವಳು ಕಟ್ಟು ತಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು, ನಾನು ಎಣಿಸುತ್ತಿದ್ದೆ, ರುಜು ಹಾಕುತ್ತಿದ್ದೆ. ಒಂದು ದಿನವೂ ಅವಳು ಅದನ್ನು ಬಿಡಲಿಲ್ಲ, ನಾನೂ ಬೇಡವೆನ್ನಲಿಲ್ಲ.